ಧಾರವಾಡಕ್ಕೆ ಹೋಗಿ ಬಂದವರು



ಹಳಿಯಾಳದಲ್ಲಿ ನನ್ನ ತರಗತಿಯಲ್ಲಿ ಕುಳಿತವರಿಗೆ ನನ್ನದೊಂದು ಮಾತು ನೆನಪಿದ್ದೀತು. ಯಾರಾದರೂ ಇಸವಿಗಳನ್ನು ಅದಲುಬದಲು ಮಾಡಿ ಅಕ್ಬರನನ್ನು ಔರಂಗಜೇಬನ ಮಗನನ್ನಾಗಿಸಿದರೆ, ನಾನು ಪುಸ್ತಕ ಮುಚ್ಚಿ, "ಇವನನ್ನು ಧಾರವಾಡಕ್ಕೆ ಕಳಿಸಬೇಕು" ಎನ್ನುತ್ತಿದ್ದೆ. ತರಗತಿ ಗೊಳ್ಳೆಂದು ನಗುತ್ತಿತ್ತು. ಧಾರವಾಡದಲ್ಲಿ ವಿಶ್ವವಿದ್ಯಾಲಯವಿದೆ, ಫೇಡೆಯಿದೆ, ಆಕಾಶವಾಣಿಯಿದೆ, ಕವಿಗಳಿದ್ದಾರೆ. ಆದರೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಕಡೆ ಆ ಮಾತಿಗೆ ಇದ್ದುದು ಒಂದೇ ಅರ್ಥ. ಅದು ಹುಚ್ಚರ ದವಾಖಾನೆ.

1978ರಲ್ಲಿ ಒಂಬತ್ತನೆಯ ತರಗತಿಯಲ್ಲಿ ಈ ಮಾತನ್ನಾಡಿದ ದಿನ ಮೂರನೆಯ ಬೆಂಚಿನ ಹುಡುಗನೊಬ್ಬ ನಗಲಿಲ್ಲ. ಅವನ ತಾಯಿ ಆಗ ಆ ದವಾಖಾನೆಯಲ್ಲೇ ಇದ್ದರೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಈಗ ಅವನೂ ನಿವೃತ್ತಿಯ ಹೊಸ್ತಿಲಲ್ಲಿದ್ದಾನೆ. ನನ್ನ ಬರಹಗಳನ್ನು ತಪ್ಪದೆ ಓದುತ್ತಾನೆ. ಹೋದ ತಿಂಗಳು ದೂರವಾಣಿಯಲ್ಲಿ ಮಾತಾಡುತ್ತ ಅವನು ಕೇಳಿದ: "ಸರ್, ಸೂಪಾ ಮುಳುಗಿದ್ದರ ಬಗ್ಗೆ ಬರದ್ರಿ, ಕಾಗದದ ಕಾರ್ಖಾನಿ ಬಗ್ಗೆ ಬರದ್ರಿ, ಸಿದ್ದಿಗಳ ಬಗ್ಗೆ ಬರದ್ರಿ. ಧಾರವಾಡಕ್ಕ ಹೋಗಿ ಬಂದವರ ಬಗ್ಗೆ ಯಾವಾಗ ಬರೀತೀರಿ?" ಉತ್ತರ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ಮೇಷ್ಟರ ಕೆಲಸವಾದ ಇತಿಹಾಸವನ್ನು ಮುಗಿಸೋಣ.

ಧಾರವಾಡದ ಆ ಆಸ್ಪತ್ರೆ ಆರಂಭವಾದದ್ದು 1845ರಲ್ಲಿ. ಅದಾಗಿ ಎರಡು ವರ್ಷಕ್ಕೆ ಬೆಂಗಳೂರಿನ ಆಶ್ರಯಾಲಯ ಬಂತು. ಇಂದಿನ ನಿಮ್ಹಾನ್ಸ್ ಸಂಸ್ಥೆಯ ಮೂಲ ಅದು. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಕೆನರಾ ಜಿಲ್ಲೆ ಮದ್ರಾಸ್ ಪ್ರಾಂತದಲ್ಲಿತ್ತು. ಹಳಿಯಾಳದಿಂದ ಧಾರವಾಡಕ್ಕೆ ನಲವತ್ತು ಕಿಲೋಮೀಟರಿನ ಆಸುಪಾಸು, ಆದರೂ ನಡುವೆ ಒಂದು ಪ್ರಾಂತದ ಗಡಿ! 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ ಆ ಗಡಿ ಅಳಿಸಿತು. ಕಂದಾಯಕ್ಕೂ ಕಟ್ಟಿಗೆಗೂ ಮುಂಬಯಿಯತ್ತ ಮುಖ ಮಾಡಿದ ನಮ್ಮ ಜನ ಮತಿಭ್ರಮಣೆಗೆ ಧಾರವಾಡದತ್ತ ಮುಖ ಮಾಡಿದರು.

ಅದೇ 1845ರಲ್ಲಿ ಲಂಡನ್ನಿನಲ್ಲಿ ಇನ್ನೊಂದು ಘಟನೆ ನಡೆಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಅದಿಲ್ಲ. ನಾನೂ ನಿವೃತ್ತಿಯ ನಂತರವೇ ಓದಿ ತಿಳಿದದ್ದು. 1812ರಲ್ಲಿ ಹತ್ಯೆಗೀಡಾದ ಬ್ರಿಟಿಷ್ ಪ್ರಧಾನಿ ಸ್ಪೆನ್ಸರ್ ಪರ್ಸಿವಲ್‌ಗೆ ಜಾನ್ ಎಂಬ ಮಗನಿದ್ದ. ಅವನು ಸೈನ್ಯಾಧಿಕಾರಿಯಾಗಿದ್ದವನು. 1830ರ ಕೊನೆಯಲ್ಲಿ ಅವನಿಗೆ ಚಿತ್ತಭ್ರಮೆಯಾಯಿತು. ಮನೆಯವರು ಅವನನ್ನು ಖಾಸಗಿ ಆಶ್ರಯಾಲಯಗಳಲ್ಲಿಟ್ಟರು. 1834ರಲ್ಲಿ ಹೊರಬಂದವನು ತನ್ನನ್ನು ಕಟ್ಟಿಹಾಕಿದ ಬಗೆಯನ್ನೂ ಕೇಳುತ್ತಿದ್ದ ದನಿಗಳನ್ನೂ ತನಗಾದ ಅವಮಾನವನ್ನೂ ಬರೆದು 1838ರಲ್ಲಿ ಮತ್ತು 1840ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ. 1845ರಲ್ಲಿ ತನ್ನಂತೆ ಒಳಗಿದ್ದು ಬಂದವರನ್ನು ಸೇರಿಸಿಕೊಂಡು, 'ಹುಚ್ಚರೆಂದು ಆರೋಪಿಸಲ್ಪಟ್ಟವರ ಮಿತ್ರಸಂಘ' ಎಂಬ ಅರ್ಥದ ಹೆಸರಿನ ಸಂಘವನ್ನು ಕಟ್ಟಿದ. ಕಾನೂನು ಮಾಡುವವರು ನಮ್ಮನ್ನೂ ಕೇಳಬೇಕು ಎಂಬುದು ಅವರ ಬೇಡಿಕೆಯ ಸಾರ.

ಅಲ್ಲಿ ಮಾತು ಹುಟ್ಟಿದ ವರ್ಷವೇ ಇಲ್ಲಿ ಗೋಡೆ ಎದ್ದಿತು. ಇದನ್ನು ಕಾಕತಾಳೀಯವೆಂದೇ ಕರೆಯುತ್ತೇನೆ. ಆದರೆ ನಮ್ಮ ಭಾಗದ ಕಥೆಯನ್ನು ಹೇಳಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮುಂಬಯಿ ಸರಕಾರ ಈ ಆಶ್ರಯಾಲಯಗಳ ವಾರ್ಷಿಕ ವರದಿಗಳನ್ನು ಅಚ್ಚು ಹಾಕಿಸುತ್ತಿತ್ತು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು ಅವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಮೊಮ್ಮಗಳ ಸಹಾಯದಿಂದ ನಾನು ಕೆಲವನ್ನು ತಿರುವಿ ನೋಡಿದೆ. ಕೊಲಾಬಾ, ಪುಣೆ, ಅಹಮದಾಬಾದ್, ರತ್ನಾಗಿರಿಗಳ ಜೊತೆಗೆ ನಮ್ಮ ಧಾರವಾಡವೂ ಅಲ್ಲಿದೆ. ಎಷ್ಟು ಜನ ಸೇರಿದರು, ಎಷ್ಟು ಜನ ಗುಣವಾದರು, ಎಷ್ಟು ಜನ ಸತ್ತರು, ಒಬ್ಬರಿಗೆ ಊಟದ ಖರ್ಚೆಷ್ಟು, ಒಳಗಿನವರ ದುಡಿಮೆಯಿಂದ ಬಂದ ಆದಾಯವೆಷ್ಟು ಎಂಬ ಲೆಕ್ಕಗಳು ಸಾಲುಸಾಲಾಗಿವೆ. ಜಾತಿ, ವಯಸ್ಸು, ಉದ್ಯೋಗಗಳ ಕೋಷ್ಟಕಗಳಿವೆ. ಕಾಯಿಲೆಗೆ ಕಾರಣವೆಂದು ಊಹಿಸಿದ ಸಂಗತಿಗಳ ಪಟ್ಟಿಯೂ ಇದೆ: ಗಾಂಜಾ, ಜ್ವರ, ದುಃಖ. ಆ ದುಃಖದ ಎದುರಿಗೆ ಒಂದು ಅಂಕಿ. ಯಾರ ದುಃಖ, ಏನು ದುಃಖ, ಹೇಳಿದವರು ಯಾರು, ಯಾವ ಭಾಷೆಯಲ್ಲಿ ಹೇಳಿದರು? ನಾನು ತಿರುವಿದ ಪುಟಗಳಲ್ಲಿ ಒಳಗಿದ್ದವರ ಒಂದೇ ಒಂದು ವಾಕ್ಯ ನನಗೆ ಕಾಣಲಿಲ್ಲ. ಇತಿಹಾಸದ ವಿದ್ಯಾರ್ಥಿಯಾಗಿ ನಾನು ಎಷ್ಟೋ ದಫ್ತರುಗಳನ್ನು ನೋಡಿದ್ದೇನೆ. ಇಷ್ಟು ಅಚ್ಚುಕಟ್ಟಾಗಿ ಮೂಕವಾದ ದಫ್ತರವನ್ನು ಕಂಡಿರಲಿಲ್ಲ.

ಕಾನೂನೂ ಹಾಗೆಯೇ ನಡೆಯಿತು. 1858ರ ಕಾಯಿದೆಯ ನಂತರ 1912ರ ಕಾಯಿದೆ ಬಂತು. ಎರಡೂ ಮುಖ್ಯವಾಗಿ ಯಾರನ್ನು ಯಾರ ಅಪ್ಪಣೆಯಿಂದ ಒಳಗಿಡಬೇಕು, ಯಾರ ಅಪ್ಪಣೆಯಿಂದ ಹೊರಬಿಡಬೇಕು ಎಂಬುದನ್ನು ಹೇಳಿದವು. 1912ರದ್ದು ಸ್ವಾತಂತ್ರ್ಯ ಬಂದು ನಾಲ್ಕು ದಶಕಗಳು ಕಳೆದರೂ ಜಾರಿಯಲ್ಲಿತ್ತು. ಅದರ ಜಾಗಕ್ಕೆ ಬಂದ 1987ರ ಕಾಯಿದೆ ಜಾರಿಯಾದದ್ದು 1993ರಲ್ಲಿ.

ಇದೇ ಅವಧಿಯಲ್ಲಿ ಅಮೆರಿಕದಲ್ಲಿ ಕ್ಲಿಫರ್ಡ್ ಬಿಯರ್ಸ್ ಎಂಬವನ ಕಥೆ ನಡೆಯಿತು. ಯೇಲ್ ವಿಶ್ವವಿದ್ಯಾಲಯದ ಪದವೀಧರ. 1900ರಲ್ಲಿ ಕಿಟಕಿಯಿಂದ ಕೆಳಗೆ ಬಿದ್ದು ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದ. ಮೂರು ವರ್ಷ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಹೊರಬಂದು, 1908ರಲ್ಲಿ ತನ್ನ ಅನುಭವವನ್ನೇ ಪುಸ್ತಕವಾಗಿ ಬರೆದ. ಮರುವರ್ಷ ರಾಷ್ಟ್ರಮಟ್ಟದ ಸಮಿತಿಯೊಂದು ಹುಟ್ಟಿತು. ನಾವು ಇಂದು ಮಾನಸಿಕ ಆರೋಗ್ಯ ಚಳವಳಿ ಎಂದು ಕರೆಯುವುದರ ಒಂದು ದೊಡ್ಡ ಬೇರು ಅಲ್ಲಿದೆ. ತಮಾಷೆಯೆಂದರೆ, ಸಮಿತಿ ಬೆಳೆದಂತೆಲ್ಲ ಅದರಲ್ಲಿ ವೈದ್ಯರೂ ದೊಡ್ಡ ಮನುಷ್ಯರೂ ತುಂಬಿದರು. ಬಿಯರ್ಸ್‌ನಂಥವರು ವಿರಳವಾದರು. ಅವನು 1943ರಲ್ಲಿ ತೀರಿಕೊಂಡದ್ದೂ ಒಂದು ಮಾನಸಿಕ ಆಸ್ಪತ್ರೆಯಲ್ಲೇ. ಒಮ್ಮೆ ಗುಣವಾದವನು ಸದಾ ಗುಣವಾಗಿಯೇ ಇರುತ್ತಾನೆಂಬ ಭರವಸೆ ಯಾರಿಗೂ ಇಲ್ಲ. ಆದರೂ ಅವನ ಮಾತಿನ ಬೆಲೆ ಅದರಿಂದ ಒಂದು ಕಾಸೂ ಕಡಿಮೆಯಾಗಲಿಲ್ಲ.

ಕನ್ನಡದಲ್ಲಿ ಈ ವಿಷಯ ಮನೆಮನೆಯ ಮಾತಾದದ್ದು ಕಾದಂಬರಿಯ ಮೂಲಕ. ತ್ರಿವೇಣಿಯವರು ಮನಶ್ಶಾಸ್ತ್ರ ಓದಿದವರು, 1963ರಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಅವರ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲರು ಚಿತ್ರವಾಗಿಸಿದಾಗ ನಮ್ಮ ಕಡೆಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನೋಡಿದರು. ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಬರುತ್ತಾಳೆ. ಆದರೆ ಮನೆ ಮತ್ತು ನೆರೆಹೊರೆಗೆ ಅವಳು ಹುಚ್ಚಿಯೇ. ಅವಳ ನಗುವೂ ಲಕ್ಷಣ, ಅಳುವೂ ಲಕ್ಷಣ. ಚಿತ್ರ ನೋಡಿ ಅತ್ತವರೇ ಮರುದಿನ ಪಕ್ಕದ ಓಣಿಯ 'ಧಾರವಾಡಕ್ಕೆ ಹೋಗಿ ಬಂದ'ವಳನ್ನು ಕಂಡು ಮಕ್ಕಳನ್ನು ಒಳಗೆ ಕರೆದುಕೊಂಡರು. ನಾನೂ ಅತ್ತವನೇ. ತರಗತಿಯಲ್ಲಿ ಆ ಮಾತು ಆಡಿದ್ದು ಚಿತ್ರ ನೋಡಿದ ನಂತರವೇ!

ಈಗ ನನ್ನ ಕಥೆ.

1986ರ ಮಳೆಗಾಲದಲ್ಲಿ ನಾನು ಎರಡು ತಿಂಗಳಿಗೂ ಹೆಚ್ಚು ಕಾಲ ಶಾಲೆಗೆ ಬರಲಿಲ್ಲ. ಆ ವರ್ಷ ಹತ್ತನೆಯ ತರಗತಿಯಲ್ಲಿದ್ದವರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ನನಗೆ ಕಾಮಾಲೆ ಎಂದು ನಿಮಗೆಲ್ಲ ಹೇಳಲಾಗಿತ್ತು. ನಿಮ್ಮಲ್ಲಿ ಕೆಲವರು ನೆಲನೆಲ್ಲಿಯನ್ನು ಬೇರುಸಹಿತ ಕಿತ್ತು ತಂದಿರಿ. ಗದ್ದೆಯಿಂದ ಕಬ್ಬು ತಂದವರೂ ಉಂಟು. ನನ್ನ ಹೆಂಡತಿ ಅದನ್ನೆಲ್ಲ ಬಾಗಿಲಲ್ಲೇ ಇಸಿದುಕೊಂಡು, "ಮಲಗಿದ್ದಾರೆ" ಎಂದು ಹೇಳಿ ಕಳಿಸಿದಳು. ನನಗೆ ಕಾಮಾಲೆ ಆಗಿರಲಿಲ್ಲ. ನನಗೆ ಖಿನ್ನತೆ ಆಗಿತ್ತು. ಆ ಪದವೂ ಆಗ ನನಗೆ ಗೊತ್ತಿರಲಿಲ್ಲ. ಬೆಳಗಿನ ಮೂರಕ್ಕೆ ಎಚ್ಚರವಾಗುತ್ತಿತ್ತು. ಮಳೆಯ ಸದ್ದು ಕೇಳುತ್ತ, ಇನ್ನೊಂದು ದಿನವನ್ನು ಹೇಗೆ ಕಳೆಯಲಿ ಎಂದು ಹೆದರುತ್ತಿದ್ದೆ. ಅನ್ನ ಮಣ್ಣಿನಂತಾಗಿತ್ತು. ಇಪ್ಪತ್ತು ವರ್ಷ ಬಾಯಿಪಾಠವಾಗಿದ್ದ ವಿಜಯನಗರದ ಅರಸರ ಹೆಸರುಗಳು ಸಾಲಾಗಿ ಬರುತ್ತಿರಲಿಲ್ಲ. ಮನೆಯ ಹಿಂದಿನ ಬಾವಿಯ ಕಡೆ ಹೋಗದಂತೆ ನನ್ನ ತಮ್ಮ ಕಾಯುತ್ತಿದ್ದನೆಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ತಮ್ಮ ನನ್ನನ್ನು ಒಬ್ಬ ಮನೋವೈದ್ಯರ ಬಳಿ ಕರೆದೊಯ್ದ. ಊರಿನವರು ಯಾರೂ ಸಿಗದಂತೆ ಬೆಳಗಿನ ಮೊದಲ ಬಸ್ಸಿನಲ್ಲಿ ಹೋದೆವು. ವೈದ್ಯರು ಒಳ್ಳೆಯವರು. ಮಾತ್ರೆ ಬರೆದುಕೊಟ್ಟರು. ಬಾಯಿ ಒಣಗಿತು, ಕೈ ನಡುಗಿತು. ಸೀಮೆಸುಣ್ಣ ಹಿಡಿಯಲು ಬಾರದ ಮೇಷ್ಟರಾದೆನಲ್ಲ ಎಂದು ಎಂಟನೆಯ ದಿನಕ್ಕೇ ಮಾತ್ರೆ ಬಿಡಲು ನಿರ್ಧರಿಸಿದ್ದೆ. ಎರಡನೆಯ ಭೇಟಿಯಲ್ಲಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗ ಪಕ್ಕದಲ್ಲಿ ಒಬ್ಬರು ಕುಳಿತಿದ್ದರು. ದಾಂಡೇಲಿಯ ಕಡೆಯವರು, ಕೂಲಿ ಕೆಲಸ, ನನಗಿಂತ ಹಿರಿಯರು. ನನ್ನ ನಡುಗುವ ಕೈಯನ್ನು ನೋಡಿ ತಾವಾಗಿಯೇ ಹೇಳಿದರು: "ಮಾಸ್ತರ, ಮೂರು ವಾರ ತಡೀರಿ. ಬಾಯಿ ಒಣಗತೈತಿ, ಮಜ್ಜಿಗಿ ಕುಡೀರಿ. ಗುಳಿಗಿ ಮಾತ್ರ ಬಿಡಬ್ಯಾಡ್ರಿ. ಮದಲ ನಿದ್ದಿ ಬರತೈತಿ, ಆಮ್ಯಾಲೆ ಅನ್ನದ ರುಚಿ ಬರತೈತಿ. ಮನಸು ಕಡೀಕ ಬರತೈತಿ. ನಂದೂ ಹಂಗ ಆಗಿತ್ತು."

ವೈದ್ಯರೂ ಬಹುಶಃ ಇದನ್ನೇ ಹೇಳಿದ್ದರು. ನನ್ನ ಕಿವಿಗೆ ಅದು ಬಿದ್ದಿರಲಿಲ್ಲ. ಈ ಮನುಷ್ಯ ಹೇಳಿದ್ದು ಬಿತ್ತು, ಏಕೆಂದರೆ "ನಂದೂ ಹಂಗ ಆಗಿತ್ತು" ಎನ್ನುವ ಅಧಿಕಾರ ಆ ಕಟ್ಟಡದಲ್ಲಿ ಅವರಿಗಿತ್ತು. ಅವರು ಹೇಳಿದ ಕ್ರಮದಲ್ಲೇ ಎಲ್ಲವೂ ಆಯಿತು: ನಿದ್ದೆ, ಅನ್ನ, ಕೊನೆಗೆ ಮನಸ್ಸು. ನಾನು ಅವರ ಹೆಸರು ಕೇಳಲಿಲ್ಲ. ನನ್ನ ಹೆಸರನ್ನು ಹೇಳಬೇಕಾದೀತೆಂಬ ಹೆದರಿಕೆ. ಶಾಲೆಗೆ ಮರಳಿದ ಮೇಲೆ ಸಹೋದ್ಯೋಗಿಯೊಬ್ಬರು, "ಕಾಮಾಲೆಯೋ, ಬೇರೆ ಏನಾದರೂ ಇತ್ತೋ?" ಎಂದು ನಗುತ್ತ ಕೇಳಿದರು. ಕಾಮಾಲೆಯೇ ಎಂದೆ. ಅದೇ ಉತ್ತರವನ್ನು ಸುಮಾರು ನಲವತ್ತು ವರ್ಷ ಹೇಳುತ್ತ ಬಂದಿದ್ದೇನೆ. ನೆಲನೆಲ್ಲಿ ತಂದವರಲ್ಲಿ ಈಗ ಕ್ಷಮೆ ಕೇಳುತ್ತೇನೆ.

ನಾನು ಕಾಯಿಲೆ ಬಿದ್ದ ಆ ಹೊತ್ತಿನಲ್ಲೇ ನಮ್ಮ ರಾಜ್ಯದಲ್ಲಿ ದೊಡ್ಡ ಕೆಲಸವೊಂದು ನಡೆಯುತ್ತಿತ್ತು. 1982ರಲ್ಲಿ ದೇಶಕ್ಕೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತ್ತು. ನಿಮ್ಹಾನ್ಸ್‌ನವರು ಅದಕ್ಕೂ ಮೊದಲೇ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಗಳಿಗೆ ಚಿಕಿತ್ಸೆ ಒಯ್ಯುವ ಪ್ರಯೋಗ ಆರಂಭಿಸಿದ್ದರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅಪಸ್ಮಾರ, ಖಿನ್ನತೆ, ಸ್ಕಿಝೋಫ್ರೇನಿಯಾಗಳಿಗೆ ಹತ್ತಿರದಲ್ಲೇ ಔಷಧ ಸಿಗುವಂತೆ ಮಾಡಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶದಲ್ಲಿ ಮಾದರಿಯಾದದ್ದು ನಮ್ಮ ಬಳ್ಳಾರಿ. ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ನೂರಾರು ಪುಸ್ತಕಗಳನ್ನು ಸರಳ ಕನ್ನಡದಲ್ಲಿ ಬರೆದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನನ್ನ ಮನೆಯವರಿಗೇ ಬಂದಷ್ಟು ಸಂತೋಷಪಟ್ಟೆ. 'ಖಿನ್ನತೆ' ಎಂಬ ಪದ ನನಗೆ ಸಿಕ್ಕಿದ್ದೇ ಅವರ ಪುಸ್ತಕವೊಂದರಿಂದ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಹೆಸರಿನ ಮಂಗಳವಾರದ ಚಿಕಿತ್ಸಾಲಯಗಳು 2014ರಲ್ಲಿ ಆರಂಭವಾದವು. 2022ರ ಅಕ್ಟೋಬರಿನಲ್ಲಿ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಬಂತು. ಧಾರವಾಡದ ಹಳೆಯ ಆಸ್ಪತ್ರೆಯೂ 2009ರಲ್ಲಿ ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆಯಾಯಿತು. ಇವುಗಳಲ್ಲಿ ಯಾವುದನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಔಷಧವಿಲ್ಲದೆ ನಾನು ಇಂದು ಇದನ್ನು ಬರೆಯುತ್ತಿರಲಿಲ್ಲ. ಆದರೆ ಬಳ್ಳಾರಿಯಲ್ಲಿ ತರಬೇತಿ ಕೊಟ್ಟದ್ದು ವೈದ್ಯರಿಗೆ, ಕಾರ್ಯಕರ್ತರಿಗೆ. ಬೆಂಚಿನ ಮೇಲೆ ಕುಳಿತ ಆ ದಾಂಡೇಲಿಯ ಹಿರಿಯರಿಗೂ ಅಲ್ಲಿ ಒಂದು ಕೆಲಸವಿದೆಯೆಂದು ಆ ಕಾಲದಲ್ಲಿ ಯಾರಿಗೂ ತೋರಲಿಲ್ಲ.

ಕುಡಿತದ ವಿಷಯದಲ್ಲಿ ಮಾತ್ರ ಇದು ಬೇಗ ತೋರಿತು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯಾಪಾರದವನು, ಒಬ್ಬ ವೈದ್ಯ, ಪರಸ್ಪರ ತಮ್ಮ ಕಥೆ ಹೇಳಿಕೊಂಡು ಕುಡಿತ ಬಿಟ್ಟರು. ಅಲ್ಲಿಂದ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿತು. 1957ರಲ್ಲಿ ಅದು ಭಾರತಕ್ಕೆ ಬಂತು. ನಮ್ಮ ಕರ್ನಾಟಕದಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ತೊಂಬತ್ತರ ದಶಕದಿಂದ ಊರೂರಲ್ಲಿ ನಡೆದಿವೆ. ಅವುಗಳ ಸಂಖ್ಯೆ ಸಾವಿರವನ್ನು ದಾಟಿದೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಎಂದು ಸೇರಿಕೊಂಡು ಒಬ್ಬರನ್ನೊಬ್ಬರು ಕಾಯುತ್ತಾರೆ. ನಮ್ಮ ಭಾಗದ ಒಂದು ಶಿಬಿರದ ಸಮಾರೋಪಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ನನ್ನ ಭಾಷಣವನ್ನು ಯಾರೂ ಕೇಳಲಿಲ್ಲ. ಅದೇನೂ ಹೊಸದಲ್ಲ ಬಿಡಿ. ನನ್ನ ನಂತರ, ಹಿಂದಿನ ಶಿಬಿರದಲ್ಲಿ ಕುಡಿತ ಬಿಟ್ಟವನೊಬ್ಬ ಎದ್ದು ನಿಂತು, ಹೆಂಡತಿಯ ತಾಳಿ ಮಾರಿದ್ದನ್ನು ಹೇಳಿದ. ಸಭೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಹೆಂಡತಿಯನ್ನೂ ವೇದಿಕೆಗೆ ಕರೆದು ಇಬ್ಬರಿಗೂ ಹಾರ ಹಾಕಿದರು.

ಅತಿಥಿಯ ಕುರ್ಚಿಯಲ್ಲಿ ಕುಳಿತ ನಾನು ಯೋಚಿಸುತ್ತಿದ್ದುದು ಬೇರೆ. ಕುಡಿತ ಬಿಟ್ಟವನಿಗೆ ವೇದಿಕೆಯಿದೆ, ಹಾರವಿದೆ. ಕಿವಿಯಲ್ಲಿ ದನಿ ಕೇಳುತ್ತಿದ್ದು ಈಗ ಕೇಳದಿರುವವನಿಗೆ, ಅಥವಾ ಈಗಲೂ ಕೇಳುತ್ತಿದ್ದರೂ ಹೊಲ ಉತ್ತು ಮನೆ ನಡೆಸುವವನಿಗೆ, ಯಾವ ಊರಿನಲ್ಲಿ ಯಾರು ಹಾರ ಹಾಕುತ್ತಾರೆ? ಕುಡಿತವನ್ನು ನಾವು ತಪ್ಪೆಂದು ತಿಳಿದಿದ್ದೇವೆ. ತಪ್ಪಿಗೆ ಪಶ್ಚಾತ್ತಾಪವುಂಟು, ಪಶ್ಚಾತ್ತಾಪಕ್ಕೆ ಚಪ್ಪಾಳೆಯುಂಟು. ಚಿತ್ತದ ಕಾಯಿಲೆ ತಪ್ಪಲ್ಲ. ಆದ್ದರಿಂದಲೇ ಅದರಿಂದ ಹೊರಬಂದವನಿಗೆ ಹೇಳಿಕೊಳ್ಳಲು ಒಂದು ಕಥೆಯ ಮಾದರಿಯೇ ಇಲ್ಲ. ಅಂದೂ ನಾನು ಎದ್ದು ನಿಲ್ಲಲಿಲ್ಲ. ತೆಂಗಿನಕಾಯಿ, ಶಾಲು ಹಿಡಿದು ಮನೆಗೆ ಬಂದೆ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಒಂದು ಆಶ್ರಯದ ಚಪ್ಪರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದವರು ಓಡಲಾರದೆ 28 ಜನ ಸತ್ತರು. ಸರ್ವೋಚ್ಚ ನ್ಯಾಯಾಲಯ ತಾನಾಗಿ ವಿಷಯವನ್ನು ಕೈಗೆತ್ತಿಕೊಂಡಿತು. ಪತ್ರಿಕೆಯಲ್ಲಿ ಓದಿದ ದಿನ ನಮ್ಮ ಕಡೆ ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದ ಒಬ್ಬ ತರುಣನ ನೆನಪಾಯಿತು. ಮನೆಯವರು ಕೆಟ್ಟವರಾಗಿರಲಿಲ್ಲ. ಕಾಡಿನಲ್ಲಿ ಕಳೆದುಹೋದಾನೆಂದು ಕಟ್ಟಿದ್ದರು. ಮೂರು ಹೊತ್ತೂ ಊಟ ಕೊಡುತ್ತಿದ್ದರು. ಅವನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ, ಅಷ್ಟೇ.

ಆ ಹೊತ್ತಿಗೆ ದೇಶದಲ್ಲಿ ಎರಡು ಬಗೆಯ ದನಿಗಳು ಎದ್ದಿದ್ದವು. ಒಂದು ಮನೆಯವರದು. ಬೆಂಗಳೂರಿನಲ್ಲಿ ಸಮಾಜಶಾಸ್ತ್ರಜ್ಞೆ ಡಾ. ನಿರ್ಮಲಾ ಶ್ರೀನಿವಾಸನ್ ಅವರ ಮುಂದಾಳುತನದಲ್ಲಿ ಆರೈಕೆ ಮಾಡುವ ತಂದೆತಾಯಿಗಳು ಸಂಘಟಿತರಾದರು. ನನ್ನ ನಂತರ ಈ ಮಗುವಿಗೆ ಯಾರು ಎಂಬ ಪ್ರಶ್ನೆಯನ್ನು ಅವರು ಸರಕಾರದ ಮುಂದೆ ಇಟ್ಟರು. ಇನ್ನೊಂದು ಅನುಭವಿಸಿದವರದೇ ದನಿ. ಪುಣೆಯ ಭಾರ್ಗವಿ ದಾವರ್ ಬಾಲ್ಯದಲ್ಲಿ ತಾಯಿಯ ಕಾರಣದಿಂದ ಮಾನಸಿಕ ಆಸ್ಪತ್ರೆಗಳ ಒಳಗನ್ನು ಕಂಡವರು. ತಾಯಿಯ ಹೆಸರಿನಲ್ಲೇ 1999ರಲ್ಲಿ ಬಾಪು ಟ್ರಸ್ಟ್ ಕಟ್ಟಿ, 2024ರಲ್ಲಿ ತೀರಿಕೊಳ್ಳುವವರೆಗೂ ಬಲವಂತದ ಚಿಕಿತ್ಸೆಯ ವಿರುದ್ಧ ಮಾತಾಡಿದರು. ಈ ಎರಡು ದನಿಗಳು ಒಂದೇ ಅಲ್ಲ. ತಾಯಿ ಮಗನ ಪರವಾಗಿ ಆಡುವ ಮಾತು ಮಗನ ಮಾತಲ್ಲ. ನನ್ನ ತಮ್ಮ ಬಾವಿಯ ದಾರಿ ಕಾಯದಿದ್ದರೆ ನಾನಿಲ್ಲ. ಆದರೂ ಆ ದಿನಗಳ ಬಗ್ಗೆ ಅವನು ಹೇಳುವ ಕಥೆಯಲ್ಲಿ ನನಗೆ ನನ್ನ ಗುರುತು ಸಿಗುವುದಿಲ್ಲ. ಎರಡೂ ನಿಜ, ಎರಡಕ್ಕೂ ಬೇರೆ ಬೇರೆ ಕುರ್ಚಿ ಬೇಕು.

ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದಕ್ಕೆ ಹೊಂದುವಂತೆ ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. 2018ರ ಮೇ 29ರಂದು ಜಾರಿಯಾಯಿತು. ಸರಪಳಿಯಲ್ಲಿ ಕಟ್ಟುವುದನ್ನು ಅದು ನಿಷೇಧಿಸಿತು. ನಾನು ಮತ್ತೆ ಕಾಯಿಲೆ ಬಿದ್ದರೆ ಹೇಗೆ ಚಿಕಿತ್ಸೆಯಾಗಬೇಕು, ಹೇಗೆ ಆಗಬಾರದು ಎಂದು ನಾನು ಸ್ವಸ್ಥನಿರುವಾಗಲೇ ಬರೆದಿಡುವ ಹಕ್ಕನ್ನು ಕೊಟ್ಟಿತು. ನನ್ನ ಪರವಾಗಿ ಮಾತಾಡುವವರನ್ನು ನಾನೇ ಹೆಸರಿಸಬಹುದು. ಎಲ್ಲಕ್ಕಿಂತ ನನ್ನ ಕಣ್ಣು ನಿಂತದ್ದು ಸದಸ್ಯರ ಪಟ್ಟಿಯ ಮೇಲೆ. ಕೇಂದ್ರ ಮತ್ತು ರಾಜ್ಯ ಪ್ರಾಧಿಕಾರಗಳಲ್ಲಿ ಮಾನಸಿಕ ಕಾಯಿಲೆ ಇರುವ ಅಥವಾ ಹಿಂದೆ ಇದ್ದ ವ್ಯಕ್ತಿಗಳನ್ನು ಪ್ರತಿನಿಧಿಸುವ ಇಬ್ಬರು, ಆರೈಕೆದಾರರನ್ನು ಪ್ರತಿನಿಧಿಸುವ ಇಬ್ಬರು ಇರಬೇಕು. 'ಹಿಂದೆ ಇದ್ದ' ಎಂಬ ಮಾತನ್ನು ಎರಡು ಸಲ ಓದಿದೆ. ಅದರೊಳಗೆ ನಾನೂ ಬರುತ್ತೇನೆ. 1845ರಲ್ಲಿ ಜಾನ್ ಪರ್ಸಿವಲ್ ಕೇಳಿದ ಕುರ್ಚಿ, ನಮ್ಮ ಕಾನೂನಿನ ಪುಸ್ತಕಕ್ಕೆ ಬರಲು 172 ವರ್ಷ ಹಿಡಿಯಿತು. ಅದರಲ್ಲಿ ಕೂರುವವರು ಹಳಿಯಾಳದವರೋ ಜೋಯಿಡಾದವರೋ ಆಗುವುದು ಬೇರೆ ಮಾತು. ಕಾಯಿದೆ ಬೇಗ ಬರೆಯಬಹುದು, ಕುರ್ಚಿ ಎಳೆದು ಕೂರಿಸುವುದು ನಿಧಾನದ ಕೆಲಸ.

ನಡುವೆ 2015ರಲ್ಲಿ ದೀಪಿಕಾ ಪಡುಕೋಣೆ ತಮಗೆ ಖಿನ್ನತೆಯಾಗಿತ್ತೆಂದು ದೂರದರ್ಶನದಲ್ಲಿ ಹೇಳಿದರು. ನಮ್ಮ ಬೆಂಗಳೂರಿನಲ್ಲಿ ಬೆಳೆದ ಹುಡುಗಿ. ಅದೇ ವರ್ಷ ಸಂಸ್ಥೆಯೊಂದನ್ನು ಕಟ್ಟಿದರು. ಅದು ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲೂ ಕೆಲಸ ಮಾಡಿತು. ಸಿನಿಮಾದವರಿಗೇನು ಎಂದು ಮೂಗು ಮುರಿದವರುಂಟು. ನಾನು ಮುರಿಯಲಿಲ್ಲ. ಮೊಮ್ಮಗಳು ಅದನ್ನು ನೋಡಿ, "ಅಜ್ಜ, ಇವರಿಗೂ ಬಂದಿತ್ತಂತೆ" ಎಂದಾಗ ನನ್ನ ಗಂಟಲವರೆಗೆ ಮಾತು ಬಂತು. "ಹೌದಾ" ಎಂದು ಸುಮ್ಮನಾದೆ.

ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಇನ್ನೊಂದು ತೊಡಕಿದೆ, ಭಾಷೆಯದು. ಜೋಯಿಡಾದ ಕುಣಬಿ ಹೆಣ್ಣುಮಗಳು ತನ್ನ ಸಂಕಟವನ್ನು ಕೊಂಕಣಿಯಲ್ಲಿ ಹೇಳುತ್ತಾಳೆ. ಜೊತೆಗೆ ಬಂದ ಅಣ್ಣ ಅದನ್ನು ಅರ್ಧ ಕನ್ನಡಕ್ಕೆ ತಿರುಗಿಸುತ್ತಾನೆ. ವೈದ್ಯರು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾರೆ. ಗೌಳಿಗಳ ಮರಾಠಿ, ಸಿದ್ದಿಗಳ ಮಾತು, ದಾಂಡೇಲಿಯ ಉರ್ದು, ಎಲ್ಲದರ ಗತಿಯೂ ಅದೇ. ಮುಂಡಗೋಡಕ್ಕೆ 1966ರಿಂದ ಬಂದು ನೆಲೆಸಿದ ಟಿಬೆಟಿನವರಲ್ಲಿ ಒಬ್ಬ ವೃದ್ಧರ ಪರಿಚಯ ನನಗಿತ್ತು. ದೇಶ ಬಿಟ್ಟು ಬಂದ ಮೊದಲ ವರ್ಷಗಳಲ್ಲಿ ತನಗೆ 'ಲುಂಗ್' ಆಗಿತ್ತೆಂದು ಅವರು ಎದೆ ಮುಟ್ಟಿಕೊಂಡು ಹೇಳಿದ್ದರು. ಲುಂಗ್ ಎಂದರೆ ಗಾಳಿ. ಟಿಬೆಟಿ ವೈದ್ಯದಲ್ಲಿ ಎದೆಯೊಳಗಿನ ಪ್ರಾಣವಾಯು ಕೆರಳಿದರೆ ನಿದ್ದೆ ಹೋಗುತ್ತದೆ, ದುಃಖ ಮತ್ತು ದಿಗಿಲು ತುಂಬುತ್ತದೆ. ಅದನ್ನು ಖಿನ್ನತೆ ಎಂದು ಬರೆದರೆ ತಪ್ಪಲ್ಲದಿರಬಹುದು. ಆದರೆ ದಾರಿಯಲ್ಲಿ ಗಾಳಿ ಕಳೆದುಹೋಗುತ್ತದೆ, ಹಿಮಾಲಯದ ಹಾದಿಯೂ ಕಳೆದುಹೋಗುತ್ತದೆ. ನನಗೆ ಮೂರು ಗಂಟೆಯ ಮಳೆಯ ಸದ್ದು ಹೇಗೋ ಅವರಿಗೆ ಆ ಗಾಳಿ ಹಾಗೆ.

ಮೂರನೆಯ ಬೆಂಚಿನ ಹುಡುಗನ ಬಳಿಗೆ ಮರಳುತ್ತೇನೆ. ಅವನ ತಾಯಿ ಧಾರವಾಡದಿಂದ ಗುಣವಾಗಿ ಬಂದು ಇಪ್ಪತ್ತಾರು ವರ್ಷ ಬದುಕಿದರು. ಭಾರತ ಹುಣ್ಣಿಮೆಗೆ ಉಳವಿಯ ಚನ್ನಬಸವಣ್ಣನ ಜಾತ್ರೆಗೆ ಧಾರವಾಡದ ಕಡೆಯಿಂದ ಚಕ್ಕಡಿಗಳು ಸಾಲುಗಟ್ಟಿ ಬರುವುದು ನಿಮಗೆಲ್ಲ ಗೊತ್ತು. ಎತ್ತಿನ ಕೊರಳಗಂಟೆ ಕೇಳಿದೊಡನೆ ಆ ತಾಯಿ ಮಜ್ಜಿಗೆಯ ಕೊಡ ಹೊತ್ತು ರಸ್ತೆಯ ಬದಿಗೆ ಬರುತ್ತಿದ್ದರಂತೆ. ಕುಡಿದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದರಂತೆ: "ದವಾಖಾನಿ ಅಂಗಳದಾಗ ಒಂದು ಬೇವಿನ ಗಿಡ ಇತ್ತಲ್ಲ, ಐತೇನು?" ಚಕ್ಕಡಿಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆ ಅಂಗಳವನ್ನು ಒಳಗಿನಿಂದ ಕಂಡವರು ಯಾರೂ ಅವರಲ್ಲಿರುತ್ತಿರಲಿಲ್ಲ, ಅಥವಾ ಇದ್ದರೂ ಹೇಳುತ್ತಿರಲಿಲ್ಲ.

ಪ್ರಕಟಿಸುವ ಮೊದಲು ಈ ಬರಹವನ್ನು ಅವನಿಗೆ ಓದಿ ಹೇಳಿದೆ. ಹಳೆಯ ಮಾತಿಗೆ ಕ್ಷಮೆ ಕೇಳಿದೆ. "ಆತ್ ಬಿಡ್ರಿ ಸರ್" ಎಂದ. ಸ್ವಲ್ಪ ತಡೆದು ಒಂದು ತಿದ್ದುಪಡಿ ಹೇಳಿದ: "ಎಲ್ಲಾ ದುಃಖಾನ ಬರದೀರಿ. ನಮ್ಮ ಅವ್ವ ಆ ಬೇವಿನ ಗಿಡದ ಕೆಳಗ ಸಂಜೀಕ ಹಾಡು ಹೇಳತಿದ್ದಳಂತ. ಅಲ್ಲಿ ಆಕಿಗೆ ಇಬ್ಬರು ಗೆಳತ್ಯಾರಿದ್ರು. ಅವರ ನೆನಪಾದಾಗೆಲ್ಲ ನಗತಿದ್ದಳು. ಅದನ್ನೂ ಬರೀರಿ ಸರ್."

ಬರೆದಿದ್ದೇನೆ.